ಎರಡು ಸೇವಂತಿಗೆ

ಬಾಕ್ಸರ್ ಮುಹಮ್ಮದ್ ಅಲಿ ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವರು ಮೈಸೂರಿನ ದೊಡ್ಡಪ್ಪ. ಆಗ ನಾನಿದ್ದದ್ದು ಅಲಿ ಹುಟ್ಟಿ ಬೆಳೆದ ಅಮೆರಿಕದ ಲೂಯಿವಿಲ್‌ನಲ್ಲೇ. ದಿನವೂ ಕಚೇರಿಗೆ ಹೋಗುವಾಗ ಅವನ ಹೆಸರಿನ ರಸ್ತೆಯನ್ನು ದಾಟಿಯೇ ಹೋಗಬೇಕು. ಆದರೂ ಸುದ್ದಿ ಬಂದದ್ದು ಭೂಮಿಯ ಆ ಬದಿಯಿಂದ, ರಾತ್ರಿ ಒಂದೂವರೆಗೆ. ಅಮೆರಿಕದಲ್ಲಿ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ ಫೋನ್ ಮಾಡುವ ಅಭ್ಯಾಸ ದೊಡ್ಡಪ್ಪನಿಗೆ ಎಂದೂ ಇರಲಿಲ್ಲ.

"ನಿಮ್ಮೂರಿನವನು ಹೋದನಂತೆ" ಎಂದರು. ಅದು 2016ರ ಜೂನ್ ಮೊದಲ ವಾರ. ಅರಿಜೋನಾದ ಆಸ್ಪತ್ರೆಯಲ್ಲಿ ಜೂನ್ 3ರ ರಾತ್ರಿ ಅಲಿ ತೀರಿಕೊಂಡಿದ್ದ. ವಯಸ್ಸು 74. "ಮಣ್ಣು ಎಲ್ಲಿ ಮಾಡುತ್ತಾರೆ?" ಎಂಬುದು ಅವರ ಎರಡನೆಯ ಪ್ರಶ್ನೆ. ಗೊತ್ತಿಲ್ಲ ಎಂದೆ. "ಅಲ್ಲೇ ಇದ್ದೀಯ, ಅಷ್ಟೂ ಗೊತ್ತಿಲ್ಲವೇ?" ಎಂದು ಬೈದು ಫೋನ್ ಇಟ್ಟರು.

ದೊಡ್ಡಪ್ಪನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅವರು ಅಲಿಯ ಕಡೆಯವರೇ ಅಲ್ಲ. ಅಲಿಯ ಎದುರಾಳಿ ಬಾಕ್ಸರ್ ಜೋ ಫ್ರೇಜಿಯರ್ ಕಡೆಯವರು. ಎಂಟನೆಯ ವಯಸ್ಸಿನಿಂದ ಗರಡಿಯ ಮಣ್ಣಿನಲ್ಲಿ ಹೊರಳಿದವರಿಗೆ ಕುಣಿಯುವ, ಕವನ ಕಟ್ಟುವ, ಎದುರಾಳಿಯ ಮುಖವನ್ನು ಆಡಿಕೊಳ್ಳುವ ಜಟ್ಟಿ ರುಚಿಸುವುದಾದರೂ ಹೇಗೆ? "ಸಾಮು ಮಾಡುವವನಿಗೆ ಬಾಯಿ ಯಾಕೆ ಬೇಕು" ಎನ್ನುತ್ತಿದ್ದರು. ಫ್ರೇಜಿಯರ್ ಅವರ ಪಾಲಿಗೆ ನಿಜವಾದ ಪೈಲ್ವಾನ. ಸೌತ್ ಕೆರೊಲಿನಾದ ಬಡ ರೈತನ ಮಗ, ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿದವನು. ಹುಡುಗನಾಗಿದ್ದಾಗ ಹಂದಿಯೊಂದು ಅಟ್ಟಿಸಿಕೊಂಡು ಬಂದು, ಬಿದ್ದು, ಎಡಗೈಗೆ ಪೆಟ್ಟಾಯಿತು. ಸರಿಯಾಗಿ ಚಿಕಿತ್ಸೆ ಸಿಗದೆ ಆ ಕೈ ಕೊನೆಯವರೆಗೂ ಪೂರ್ತಿ ಚಾಚಲು ಬರಲಿಲ್ಲ. ಸೊಟ್ಟಗಾದ ಅದೇ ಕೈ ಮುಂದೆ ಜಗತ್ತು ಹೆದರುವ ಎಡಗೈ ಹುಕ್, ಅಂದರೆ ಕೈ ಮಡಿಸಿ ಕೊಡುವ ಅಡ್ಡ ಗುದ್ದು, ಆಯಿತು. ದೊಡ್ಡಪ್ಪ ಈ ಕತೆಯನ್ನು ಪುರಾಣದ ಹಾಗೆ ಹೇಳುತ್ತಿದ್ದರು, ಹಂದಿಯ ಗುಟುರಿನ ಸಮೇತ.

1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆ ಕೈ ಹದಿನೈದನೆಯ ಸುತ್ತಿನಲ್ಲಿ ಅಲಿಯನ್ನು ಅಂಗಾತ ಕೆಡವಿತು. ಅಲಿ ಎದ್ದನೇನೋ ನಿಜ, ಆದರೆ ಸೋತ. ವೃತ್ತಿಜೀವನದ ಮೊದಲ ಸೋಲು ಅದು. ಮರುದಿನದ ಪತ್ರಿಕೆಯನ್ನು ವಾಚನಾಲಯದಿಂದ ಎತ್ತಿಕೊಂಡು ಬಂದು ಗರಡಿಯಲ್ಲಿ ಗಟ್ಟಿಯಾಗಿ ಓದಿದ್ದರಂತೆ ದೊಡ್ಡಪ್ಪ. ಆ ಪತ್ರಿಕೆಯನ್ನು ವಾಪಸು ಕೊಟ್ಟರೋ ಇಲ್ಲವೋ, ಅದನ್ನು ಮಾತ್ರ ಎಂದೂ ಹೇಳಲಿಲ್ಲ.

ವಾರದೊಳಗೆ ಊರಿನ ಬಣ್ಣವೇ ಬದಲಾಯಿತು. ಅಂಗಡಿಗಳ ಗಾಜಿನ ಮೇಲೆ ಅಲಿ, ಬಸ್ಸುಗಳ ನೆತ್ತಿಯ ಮೇಲೆ ಅಲಿ. ಶುಕ್ರವಾರ, ಜೂನ್ 10ರಂದು ಮೆರವಣಿಗೆ, ಮಧ್ಯಾಹ್ನ ದೊಡ್ಡ ಕ್ರೀಡಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಎಂದು ಗೊತ್ತಾಯಿತು. ಸಭೆಯ ಉಚಿತ ಟಿಕೆಟ್‌ಗಳು ಕೊಡಲು ಶುರು ಮಾಡಿದ ಸ್ವಲ್ಪ ಹೊತ್ತಿನಲ್ಲೇ ಮುಗಿದುಹೋದವು. ನಾನು ಸಾಲಿಗೂ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಾಕ್ಸಿಂಗ್ ಎಂದರೆ ಅಷ್ಟಕ್ಕಷ್ಟೆ. ಗುರುವಾರ ಸಂಜೆ ದೊಡ್ಡಪ್ಪನ ಫೋನ್ ಮತ್ತೆ ಬಂತು.

"ಹೋಗುತ್ತೀಯ ತಾನೇ?"

"ನೀವು ಫ್ರೇಜಿಯರ್ ಕಡೆಯವರಲ್ಲವೇ ದೊಡ್ಡಪ್ಪ?"

"ಅದು ಬೇರೆ, ಇದು ಬೇರೆ. ಮಣ್ಣಿಗೆ ಹೋಗುವಾಗ ಕಡೆ ಕೇಳುತ್ತಾರೇನೋ? ಎರಡು ಸೇವಂತಿಗೆ ತೆಗೆದುಕೊಂಡು ಹೋಗು. ಒಂದು ನನ್ನದು, ಇನ್ನೊಂದು ಫ್ರೇಜಿಯರ್‌ದು. ಅವನಿದ್ದಿದ್ದರೆ ಬರುತ್ತಿದ್ದ."

ಬರುತ್ತಿದ್ದನೇ ಎಂಬುದು ನನ್ನ ಅನುಮಾನ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಸೇರುವುದಿಲ್ಲ ಎಂದು, ಸೇನಾ ಭರ್ತಿಗೆ ಹೆಸರು ಕರೆದಾಗ ಹೂಸ್ಟನ್‌ನಲ್ಲಿ ಹೆಜ್ಜೆ ಮುಂದಿಡದೆ ನಿಂತ ಅಲಿಯ ಪಟ್ಟವನ್ನೂ ಲೈಸೆನ್ಸನ್ನೂ ಕಿತ್ತುಕೊಂಡರು. ಐದು ವರ್ಷ ಜೈಲು, ಹತ್ತು ಸಾವಿರ ಡಾಲರ್ ದಂಡ ಎಂದು ತೀರ್ಪಾಯಿತು. ಮೇಲ್ಮನವಿ ನಡೆಯುತ್ತಿದ್ದುದರಿಂದ ಜೈಲಿಗೆ ಹೋಗಲಿಲ್ಲ, ರಿಂಗಿಗೂ ಹೋಗಲಾಗಲಿಲ್ಲ. ಮೂರೂವರೆ ವರ್ಷದ ಆ ಬರಗಾಲದಲ್ಲಿ ಕೈಗೆ ದುಡ್ಡು ಕೊಟ್ಟು, ಅವನ ಪರವಾಗಿ ಮಾತಾಡಿದವರಲ್ಲಿ ಫ್ರೇಜಿಯರ್ ಒಬ್ಬ. ಅದೇ ಫ್ರೇಜಿಯರನ್ನು ಅಲಿ ಮುಂದೆ ಬಿಳಿಯರ ಗುಲಾಮನೆಂದ, ಗೊರಿಲ್ಲಾ ಎಂದ. ರಬ್ಬರ್ ಗೊರಿಲ್ಲಾ ಹಿಡಿದು ಪತ್ರಕರ್ತರ ಮುಂದೆ ಗುದ್ದಿ ತೋರಿಸಿದ. ಸುಪ್ರೀಂ ಕೋರ್ಟ್ 1971ರಲ್ಲಿ ಶಿಕ್ಷೆಯನ್ನು ರದ್ದು ಮಾಡಿ ಅಲಿಯನ್ನು ಗೆಲ್ಲಿಸಿತು, ಕಾಲ ಅವನನ್ನು ಧೀರನನ್ನಾಗಿಸಿತು. ಧೀರನೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಗೊರಿಲ್ಲಾ ಮಾತು ನನಗೂ ನುಂಗಲಾಗದ ತುತ್ತು. 2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ. ನನಗೆ ಹೇಳಬೇಕಿತ್ತು, ಪತ್ರಿಕೆಗಲ್ಲ ಎಂಬುದು ಫ್ರೇಜಿಯರನ ಕೊರಗು. 2011ರ ನವೆಂಬರಿನಲ್ಲಿ ಫ್ರೇಜಿಯರ್ ಸತ್ತಾಗ, ಕೈಕಾಲು ನಡುಗುತ್ತಿದ್ದ ಅಲಿ ಅವನ ಅಂತ್ಯಕ್ರಿಯೆಗೆ ಹೋಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ದೊಡ್ಡಪ್ಪ ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡಿರಬೇಕು. ಈ ಸೇವಂತಿಗೆ ಆ ಬಾಬ್ತಿನದು.

ಸೂಪರ್ ಮಾರ್ಕೆಟ್ಟಿನಲ್ಲಿ ಹಳದಿ ಸೇವಂತಿಗೆಯ ಒಂದು ಕಟ್ಟು ಸಿಕ್ಕಿತು. ಎರಡು ಹೂ ಬಿಡಿಸಿಕೊಂಡು ಉಳಿದದ್ದನ್ನು ಮನೆಯ ದೇವರ ಫೋಟೊಗೆ ಏರಿಸಿದೆ. ಅಲಿಯ ಪಾಲಿನ ಹೂವು ನಮ್ಮ ಚಾಮುಂಡಿಗೂ ಸಂದಿತು.

ನಮ್ಮ ಕಚೇರಿಯ ಕಾವಲಿನ ಹಿರಿಯರೊಬ್ಬರು, ಕಪ್ಪು ಜನಾಂಗದವರು, ನಗರದ ಪಶ್ಚಿಮ ಭಾಗದಲ್ಲೇ ಹುಟ್ಟಿ ಬೆಳೆದವರು, "ಪೇಟೆಯಲ್ಲಿ ನಿಲ್ಲಬೇಡ, ನಮ್ಮ ಕಡೆ ಬಾ" ಎಂದು ಕರೆದಿದ್ದರು. ಗ್ರ್ಯಾಂಡ್ ಅವೆನ್ಯೂ 3302. ಗುಲಾಬಿ ಬಣ್ಣದ ಪುಟ್ಟ ಮನೆ. ಅಲಿ ಬಾಲ್ಯ ಕಳೆದದ್ದು ಇಲ್ಲಿ. ಅವನು ಸಾಯುವ ತಿಂಗಳ ಹಿಂದಷ್ಟೇ ಅದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವನ್ನಾಗಿ ತೆರೆದಿದ್ದರು. ಅಪ್ಪ ಬೋರ್ಡು ಬರೆಯುವ ಕಲಾವಿದ, ಅಮ್ಮ ಬಿಳಿಯರ ಮನೆಗಳಲ್ಲಿ ಅಡುಗೆ, ಮನೆಗೆಲಸ. ಹುಡುಗನ ಹೆಸರು ಆಗ ಕ್ಯಾಸಿಯಸ್ ಕ್ಲೇ. 1954ರಲ್ಲಿ, ಹನ್ನೆರಡು ವರ್ಷದವನಿದ್ದಾಗ, ಹೊಸ ಸೈಕಲ್ ಕಳುವಾಯಿತು. ದೂರು ಕೊಡಲು ಸಭಾಂಗಣದ ನೆಲಮಾಳಿಗೆಗೆ ಇಳಿದರೆ ಅಲ್ಲಿದ್ದ ಪೊಲೀಸ್ ಜೋ ಮಾರ್ಟಿನ್ ಹುಡುಗರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. ಕಳ್ಳನನ್ನು ಗುದ್ದುತ್ತೇನೆ ಎಂದ ಹುಡುಗನಿಗೆ, ಮೊದಲು ಗುದ್ದುವುದನ್ನು ಕಲಿ ಎಂದ. ಆರು ವರ್ಷದಲ್ಲಿ ರೋಮ್ ಒಲಿಂಪಿಕ್ಸಿನ ಚಿನ್ನ.

"ಚಿನ್ನದ ಪದಕ ಕೊರಳಲ್ಲಿದ್ದರೂ ಈ ಊರಿನ ಹೋಟೆಲುಗಳಲ್ಲಿ ಅವನಿಗೆ ಊಟ ಬಡಿಸುತ್ತಿರಲಿಲ್ಲ" ಎಂದರು ಹಿರಿಯರು. "ಈಗ ನೋಡು, ಅದೇ ಊರು ರಸ್ತೆ ತುಂಬಾ ನಿಂತಿದೆ." ಕಹಿ ಇರಲಿಲ್ಲ ಆ ಮಾತಿನಲ್ಲಿ, ಹವಾಮಾನ ಹೇಳಿದ ಹಾಗೆ ಹೇಳಿದರು. ಪದಕವನ್ನು ಅಲಿ ಸಿಟ್ಟಿನಿಂದ ಒಹಾಯೊ ನದಿಗೆ ಎಸೆದನಂತಲ್ಲ ಎಂದು ಕೇಳಿದೆ. ಅವರು ನಕ್ಕರು: "ಕಳೆದುಹಾಕಿರಬೇಕು. ಎಸೆದ ಎಂದರೆ ಕತೆ ಚೆನ್ನಾಗಿರುತ್ತದೆ."

ಒಂಬತ್ತಕ್ಕೆ ಹೊರಡಬೇಕಿದ್ದ ಮೆರವಣಿಗೆ ತಡವಾಯಿತು. ಬಿಸಿಲು ಏರಿತು. ಮನೆಗಳ ಮುಂದಿನ ಹುಲ್ಲಿನ ಮೇಲೆ ಕುರ್ಚಿಗಳು, ಐಸ್ ಪೆಟ್ಟಿಗೆಗಳು, ಮಾಂಸ ಸುಡುವ ಹೊಗೆ. ಸಾವಿನ ಮನೆಯಂತೆ ಇರಲಿಲ್ಲ, ನಮ್ಮ ಊರ ಹಬ್ಬದಲ್ಲಿ ತೇರಿಗೆ ಕಾಯುವ ಬೀದಿಯಂತಿತ್ತು. ಹಿಂದಿನ ದಿನ ಫ್ರೀಡಂ ಹಾಲ್‌ನಲ್ಲಿ ಜನಾಜಾ ನಮಾಜು, ಅಂದರೆ ಅಂತ್ಯಕ್ರಿಯೆಯ ಪ್ರಾರ್ಥನೆ, ಆಗಿತ್ತು. 1960ರ ಅಕ್ಟೋಬರ್ 29ರಂದು ಹದಿನೆಂಟರ ಹುಡುಗ ತನ್ನ ಮೊದಲ ವೃತ್ತಿಪರ ಪಂದ್ಯ ಆಡಿದ್ದು ಅದೇ ಹಾಲ್‌ನಲ್ಲಿ. ಎದುರಾಳಿ ಟನ್ನಿ ಹನ್ಸೇಕರ್, ವೆಸ್ಟ್ ವರ್ಜೀನಿಯಾದ ಸಣ್ಣ ಪಟ್ಟಣವೊಂದರ ಪೊಲೀಸ್ ಮುಖ್ಯಸ್ಥ. ಕಲಿಸಿದವನೂ ಪೊಲೀಸ್, ಮೊದಲು ಗುದ್ದಿಸಿಕೊಂಡವನೂ ಪೊಲೀಸ್.

ಅಲ್ಲಿಂದ 1981ರವರೆಗೆ 61 ಪಂದ್ಯ, 56 ಗೆಲುವು, 5 ಸೋಲು. 1964ರಲ್ಲಿ ಮಯಾಮಿ ಬೀಚ್‌ನಲ್ಲಿ ಎಲ್ಲರೂ ಹೆದರುತ್ತಿದ್ದ ಸನ್ನಿ ಲಿಸ್ಟನ್ ಏಳನೆಯ ಸುತ್ತಿಗೆ ಸ್ಟೂಲಿನಿಂದ ಏಳಲಿಲ್ಲ. 22ರ ಹುಡುಗ ವಿಶ್ವ ಹೆವಿವೇಟ್ ಚಾಂಪಿಯನ್ ಆದ. ಹತ್ತು ವರ್ಷದ ಮೇಲೆ ಆಫ್ರಿಕಾದ ಕಿನ್ಶಾಸಾದಲ್ಲಿ ನಸುಕಿನ ನಾಲ್ಕಕ್ಕೆ ಹಗ್ಗಕ್ಕೆ ಒರಗಿ, ಜಾರ್ಜ್ ಫೋರ್‌ಮನ್ ಕೈ ಸೋಲುವವರೆಗೆ ಹೊಡೆಸಿಕೊಂಡು, ಎಂಟನೆಯ ಸುತ್ತಿನಲ್ಲಿ ಕೆಡವಿದ. 1978ರಲ್ಲಿ ಮೂರನೆಯ ಸಲ ಪಟ್ಟ. ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ.

ಕಾಯುತ್ತ ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಫಿಲಿಪ್ಪೀನ್ಸಿನ ಮನಿಲಾ. 1975ರ ಅಕ್ಟೋಬರ್ 1, ಅಲಿ–ಫ್ರೇಜಿಯರ್ ಮೂರನೆಯ ಪಂದ್ಯ. ಅಮೆರಿಕದ ಟಿವಿಯ ಅನುಕೂಲಕ್ಕೆ ಬೆಳಿಗ್ಗೆಯೇ ಶುರು. ಒಳಗೆ ಕುಲುಮೆಯ ಸೆಕೆ. ಹದಿನಾಲ್ಕು ಸುತ್ತು ಮುಗಿಯುವ ಹೊತ್ತಿಗೆ ಫ್ರೇಜಿಯರನ ಕಣ್ಣು ಊದಿ ಮುಚ್ಚಿಹೋಗಿದ್ದವು. ಉಳಿದದ್ದು ಒಂದೇ ಸುತ್ತು, ಮೂರು ನಿಮಿಷ. ಅವನ ಗುರು ಎಡ್ಡಿ ಫಚ್ ಸಾಕು ಎಂದ. ಬೇಡ ಎಂದು ಶಿಷ್ಯ ಅಂಗಲಾಚಿದರೂ ಕೇಳದೆ ಕೂರಿಸಿದ. ಅಲಿ ಗೆದ್ದ, ಸಾವಿಗೆ ಅಷ್ಟು ಹತ್ತಿರ ಹೋಗಿದ್ದೇ ಇಲ್ಲ ಎಂದು ತಾನೇ ಹೇಳಿಕೊಂಡ.

ದೊಡ್ಡಪ್ಪ ಹುಡುಗನಾಗಿದ್ದಾಗ ಒಂದು ವಿಜಯದಶಮಿಯ ಬೆಳಿಗ್ಗೆ ಅರಮನೆಯೊಳಗೆ ನುಸುಳಿ ವಜ್ರಮುಷ್ಟಿ ಕಾಳಗ ನೋಡಿದ್ದರು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು, ಬಲಗೈ ಬೆರಳಿಗೆ ಹಲ್ಲಿನಂಥ ಮುಳ್ಳುಗಳ ಆಯುಧ. ಒಬ್ಬನ ನೆತ್ತಿಯಲ್ಲಿ ಒಂದು ಹನಿ ರಕ್ತ ಕಂಡರೆ ಮುಗಿಯಿತು. ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಹೊರಗಿನವರು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಳಗವೇ ಆಗಿಹೋಗಿರುತ್ತದೆ. "ಹೊಡೆಯುವವರು ಎಲ್ಲ ಕಡೆ ಸಿಗುತ್ತಾರೆ ಕಣೋ. ಬಿಡಿಸುವವನು ಬೇಕು" ಎನ್ನುತ್ತಿದ್ದರು. ಫ್ರೇಜಿಯರನಿಗೆ ಫಚ್ ಇದ್ದ, ಅಲಿಗೆ ಯಾರಿದ್ದರು ಎಂಬುದು ಅವರ ಹಳೆಯ ವಾದ.

ಇದ್ದರು. ಅವನ ವೈದ್ಯ ಫರ್ಡಿ ಪಚೇಕೊ 1977ರಲ್ಲಿ ಅರ್ನಿ ಶೇವರ್ಸ್ ಪಂದ್ಯದ ಬಳಿಕ ಮೂತ್ರಪಿಂಡದ ವರದಿ ಲಗತ್ತಿಸಿ, ನಿಲ್ಲಿಸು ಎಂದು ಪತ್ರ ಬರೆದ. ಅಲಿಗೂ ಬರೆದ, ಹೆಂಡತಿಗೂ ಬರೆದ. ಉತ್ತರ ಬರಲಿಲ್ಲ, ವೈದ್ಯನೇ ಬಿಟ್ಟು ಹೋದ. ಗುಂಪಿನಲ್ಲಿ ಉಳಿದವರಿಗೆ ಅಲಿ ಆಡಿದರೆ ಮಾತ್ರ ಅನ್ನ.

1980ರ ಆರಂಭದಲ್ಲಿ ಅಲಿ ಮದ್ರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದಾಗ ದೊಡ್ಡಪ್ಪ ರೈಲು ಹತ್ತಿ ಹೋಗಿದ್ದರು, ವೈರಿಯನ್ನು ಕಣ್ಣಾರೆ ನೋಡಲು. ನೆಹರೂ ಕ್ರೀಡಾಂಗಣದಲ್ಲಿ ಎಂ.ಜಿ.ಆರ್. ಕೂಡ ಇದ್ದರು. ಊರಿಗೆ ವಾಪಸು ಬಂದ ದೊಡ್ಡಪ್ಪ ಎರಡು ದಿನ ಮಾತಾಡಲಿಲ್ಲವಂತೆ. ಆಮೇಲೆ ಹೇಳಿದ್ದು ಇಷ್ಟೇ: "ಮನುಷ್ಯ ಬಹಳ ಚೆನ್ನಾಗಿದ್ದಾನೆ. ಇನ್ನು ಆಡಬಾರದು." ಅದೇ ಅಕ್ಟೋಬರ್ 2ರಂದು, 38ನೆಯ ವಯಸ್ಸಿನಲ್ಲಿ, ಲಾಸ್ ವೇಗಾಸ್‌ನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತ. ಹಿಂದೆ ಅಲಿಗೆ ಅಭ್ಯಾಸ ಕೊಡುತ್ತಿದ್ದ ಹುಡುಗ ಈ ಹೋಮ್ಸ್. ಹತ್ತು ಸುತ್ತು ಹೊಡೆದ, ಹೊಡೆಯುತ್ತಲೇ ರೆಫರಿಯ ಮುಖ ನೋಡಿದ, ಗೆದ್ದ ಮೇಲೆ ಅತ್ತ. ತರಬೇತುದಾರ ಆ್ಯಂಜೆಲೊ ಡಂಡಿ ಸಾಕು ಎಂದದ್ದು ಹತ್ತು ಸುತ್ತು ಮುಗಿದ ಮೇಲೆ. ಅಷ್ಟಾದರೂ 1981ರ ಡಿಸೆಂಬರಿನಲ್ಲಿ ಬಹಾಮಾಸ್‌ನಲ್ಲಿ ಇನ್ನೊಂದು. ಅಲ್ಲಿ ಸುತ್ತಿನ ಗಂಟೆಯೂ ಇರಲಿಲ್ಲ, ದನದ ಕೊರಳ ಗಂಟೆ ಬಾರಿಸಿದರು. ಟ್ರೆವರ್ ಬರ್ಬಿಕ್ ಎದುರು ಸೋತು ಕೈಗವಸು ಬಿಚ್ಚಿದ. 1984ರಲ್ಲಿ ಪಾರ್ಕಿನ್ಸನ್ ಎಂದು ವೈದ್ಯರು ಹೇಳಿದರು. ಗುದ್ದಿನಿಂದಲೇ ಬಂತೆಂದು ಹೇಳಲು ನಾನು ವೈದ್ಯನಲ್ಲ. ದೊಡ್ಡಪ್ಪನೂ ಅಲ್ಲ, ಆದರೆ ಅವರು ಹೇಳುತ್ತಿದ್ದರು.

"ಬಂತು" ಎಂದರು ಹಿರಿಯರು.

ಮೊದಲು ಮೋಟಾರು ಸೈಕಲ್ಲಿನ ಪೊಲೀಸರು, ಆಮೇಲೆ ಕಪ್ಪು ಶವವಾಹನ. ಅದರ ಗಾಜಿನ ಮೇಲೆ ಆಗಲೇ ಹೂವಿನ ರಾಶಿ ಬಿದ್ದಿತ್ತು; ಚಾಲಕನಿಗೆ ದಾರಿ ಹೇಗೆ ಕಾಣುತ್ತಿತ್ತೋ. "ಅಲಿ, ಅಲಿ" ಎಂಬ ಕೂಗು ಬೀದಿಯ ಆ ತುದಿಯಿಂದ ಉರುಳಿಕೊಂಡು ಬಂತು. ಹುಡುಗರು ಗಾಳಿಗೆ ಗುದ್ದುತ್ತ ವಾಹನದ ಜೊತೆಗೇ ಓಡಿದರು. ನಾನು ಮೈಸೂರಿಗೆ ವಿಡಿಯೊ ಕರೆ ಹಚ್ಚಿದೆ. ಅಲ್ಲಿ ರಾತ್ರಿ, ದೊಡ್ಡಪ್ಪ ಬಿಳಿ ಪಂಚೆ ಉಟ್ಟು, ಶಲ್ಯ ಹೊದ್ದು, ಎಲ್ಲಿಗೋ ಹೊರಟವರಂತೆ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ಗುಲಾಬಿ ಮನೆಯ ಮುಂದೆ ವಾಹನ ನಿಧಾನವಾಯಿತು. ಪಕ್ಕದಲ್ಲಿದ್ದ ಹಿರಿಯರು ಟೋಪಿ ತೆಗೆದರು, ತುಟಿ ಬಿಗಿಹಿಡಿದಿದ್ದರು. ನನ್ನ ಗಂಟಲೂ ಕಟ್ಟಿತು, ಯಾಕೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಮುಂದಿದ್ದ ಹೆಂಗಸಿನ ತಲೆಯ ಮೇಲಿಂದ ಒಂದು ಸೇವಂತಿಗೆ ಎಸೆದೆ, ಹಿಂದೆಯೇ ಇನ್ನೊಂದು. ಒಂದು ವಾಹನದ ನೆತ್ತಿಯ ಮೇಲೆ ನಿಂತಿತು. ಇನ್ನೊಂದು ಜಾರಿ ರಸ್ತೆಗೆ ಬಿತ್ತು, ಹಿಂದಿನ ಕಾರಿನ ಚಕ್ರ ಅದರ ಮೇಲೆ ಹಾಯಿತು. ಅಷ್ಟರಲ್ಲಿ ಕರೆ ಕಡಿದುಹೋಯಿತು.

ಮೆರವಣಿಗೆ ಕೇವ್ ಹಿಲ್ ಸ್ಮಶಾನದ ಕಡೆಗೆ ತಿರುಗಿದ ಮೇಲೆ ದೊಡ್ಡಪ್ಪನೇ ಮತ್ತೆ ಫೋನ್ ಮಾಡಿದರು.

"ವಾಹನದ ಮೇಲೆ ಬಿದ್ದವೇ?"

"ಒಂದು ಬಿತ್ತು ದೊಡ್ಡಪ್ಪ. ಇನ್ನೊಂದು ತಪ್ಪಿತು."

"ಬಿದ್ದದ್ದು ಯಾರದು?"

ಎರಡೂ ಹಳದಿ, ಎರಡೂ ಒಂದೇ ಕಟ್ಟಿನವು. "ಫ್ರೇಜಿಯರ್‌ದು" ಎಂದೆ.

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ ಕೇಳಿದರು: "ಎಡಗೈಯಲ್ಲಿ ಎಸೆದೆಯಾ?"

ಹೌದು, ಎಡಗೈಯಲ್ಲೇ. ಬಲಗೈಯಲ್ಲಿ ಫೋನ್ ಇತ್ತು.