ಕ್ಯಾಲ್ಸಿಯಂ ಜಾಸ್ತಿ, ಪಿಟಿಎಚ್ ನಾರ್ಮಲ್: ಆಪರೇಷನ್ ಬೇಕೇ?

ಲ್ಯಾಬ್ ರಿಪೋರ್ಟ್ ಹಿಡಿದುಕೊಂಡವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಹೆಲ್ತ್ ಚೆಕಪ್‌ನಲ್ಲಿ ಕ್ಯಾಲ್ಸಿಯಂ 10.9 ಬಂತು. ಇನ್ನೊಮ್ಮೆ ಮಾಡಿಸಿದರೆ 11. ಪಿಟಿಎಚ್ ಹಾರ್ಮೋನು 58, ಅದು ನಾರ್ಮಲ್ ಅಂತಲೇ ಇದೆ. ಕತ್ತಿನ ಸ್ಕ್ಯಾನ್ ಮಾಡಿಸಿ, ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಯಬೇಕಾಗಬಹುದು ಅಂದಿದ್ದಾರೆ. ನನಗೇನೂ ತೊಂದರೆಯೇ ಇಲ್ಲ. ತೆಗೆಸಲೇಬೇಕಾ?"

ಮೂತ್ರದಲ್ಲಿ ಎಷ್ಟು ಕ್ಯಾಲ್ಸಿಯಂ ಹೋಗುತ್ತಿದೆ ಎಂದು ನೋಡುವ ತನಕ ಆಪರೇಷನ್ ಮಾತು ಬೇಡ. ಏಕೆ ಎನ್ನುವುದಕ್ಕೆ ಸ್ವಲ್ಪ ವಿವರ ಬೇಕು.

ಮೊದಲು ಆ 'ನಾರ್ಮಲ್' ವಿಷಯ. ಪಿಟಿಎಚ್ ಎಂದರೆ ಕತ್ತಿನಲ್ಲಿರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಬಿಡುವ, ರಕ್ತದ ಕ್ಯಾಲ್ಸಿಯಂ ಏರಿಸುವ ಹಾರ್ಮೋನು. ಪಿಟಿಎಚ್‌ಗೆ ರಿಪೋರ್ಟಿನಲ್ಲಿ ಅಚ್ಚಾಗುವ 15ರಿಂದ 65ರ ಮಿತಿ ಕ್ಯಾಲ್ಸಿಯಂ ಸರಿ ಇರುವವರಿಗೆ ಹೇಳಿದ್ದು. ಕ್ಯಾಲ್ಸಿಯಂ 11ಕ್ಕೆ ಏರಿದಾಗ ಆರೋಗ್ಯವಾಗಿರುವ ಗ್ರಂಥಿ ಹಾರ್ಮೋನು ಬಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಬೇಕು, ಪಿಟಿಎಚ್ 20ರ ಕೆಳಗೆ ಇಳಿಯಬೇಕು. 58 ಇದೆ ಎಂದರೆ ನಿಲ್ಲಿಸಬೇಕೆಂಬುದು ಗ್ರಂಥಿಗೆ ಗೊತ್ತೇ ಆಗಿಲ್ಲ. ಹೀಗಾಗಲು ಮುಖ್ಯ ಕಾರಣ ಎರಡು. ಬಹುಪಾಲು ಜನರಲ್ಲಿ ನಾಲ್ಕು ಗ್ರಂಥಿಗಳ ಪೈಕಿ ಒಂದರಲ್ಲಿ ಸಣ್ಣ ಗಡ್ಡೆ ಇರುತ್ತದೆ, ಕ್ಯಾನ್ಸರ್ ಅಲ್ಲದ ಗಡ್ಡೆ. ಅದನ್ನು ತೆಗೆದರೆ ಕಾಯಿಲೆ ವಾಸಿ. ಕೆಲವರಲ್ಲಿ ಮಾತ್ರ ಗಡ್ಡೆಯೇ ಇರುವುದಿಲ್ಲ, ಕ್ಯಾಲ್ಸಿಯಂ ಅಳೆಯುವ ರಿಸೆಪ್ಟರ್ (ಕೋಶದ ಮೇಲಿನ ಒಂದು ಪ್ರೋಟೀನು) ಹುಟ್ಟಿನಿಂದಲೇ ಮಂದವಾಗಿರುತ್ತದೆ. ಇದಕ್ಕೆ ಫ್ಯಾಮಿಲಿಯಲ್ ಹೈಪೋಕ್ಯಾಲ್ಸಿಯೂರಿಕ್ ಹೈಪರ್‌ಕ್ಯಾಲ್ಸೀಮಿಯಾ ಎಂದು ಹೆಸರು, ಚಿಕ್ಕದಾಗಿ ಎಫ್‌ಎಚ್‌ಎಚ್.

ಈ ರಿಸೆಪ್ಟರನ್ನು 1993ರಲ್ಲಿ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಜೊತೆಗಾರರು ಹಸುವಿನ ಪ್ಯಾರಾಥೈರಾಯ್ಡ್‌ನಿಂದ ಪತ್ತೆ ಮಾಡಿದರು. ಆ ಗ್ರಂಥಿಯ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗೆ ಚುಚ್ಚಿ, ಯಾವ ತುಣುಕು ಸೇರಿದಾಗ ಮೊಟ್ಟೆ ಹೊರಗಿನ ಕ್ಯಾಲ್ಸಿಯಂಗೆ ಸ್ಪಂದಿಸುತ್ತದೆ ಎಂದು ಹುಡುಕಿದ ಕೆಲಸ ಅದು. ಇದೇ ರಿಸೆಪ್ಟರಿನ ಜೀನ್ ಕೆಟ್ಟರೆ ಎಫ್‌ಎಚ್‌ಎಚ್ ಬರುತ್ತದೆ ಎಂದೂ ಅದೇ ವರ್ಷ ಗೊತ್ತಾಯಿತು. ಮನುಷ್ಯರಲ್ಲಿ ಇದು 1078 ಅಮೈನೋ ಆಮ್ಲಗಳ ಪ್ರೋಟೀನು. ಕೋಶದ ಹೊರಮೈಯಲ್ಲಿ ಜೋಡಿಯಾಗಿ ಕೂತಿರುತ್ತದೆ. ರಕ್ತದ ಕ್ಯಾಲ್ಸಿಯಂ ಬಂದು ಅಂಟಿದರೆ ಸಂಕೇತವನ್ನು ಒಳಗೆ ದಾಟಿಸುವ ಜಿ-ಪ್ರೋಟೀನ್ ಚುರುಕಾಗಿ ಕೋಶದೊಳಗೂ ಕ್ಯಾಲ್ಸಿಯಂ ಏರುತ್ತದೆ. ಸಾಮಾನ್ಯವಾಗಿ ಗ್ರಂಥಿಯ ಕೋಶದಲ್ಲಿ ಕ್ಯಾಲ್ಸಿಯಂ ಏರಿದರೆ ಹಾರ್ಮೋನು ಹೊರಬೀಳುತ್ತದೆ. ಪ್ಯಾರಾಥೈರಾಯ್ಡ್ ಮಾತ್ರ ಉಲ್ಟಾ, ಏರಿದರೆ ನಿಲ್ಲಿಸುತ್ತದೆ.

ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ಕಡ್ಡಿ ಸ್ವಲ್ಪ ಮೇಲಕ್ಕೆ ಬಾಗಿದ್ದರೆ ನೀರು ನಾಲ್ಕು ಬೆರಳು ಜಾಸ್ತಿ ತುಂಬಿದ ಮೇಲೇ ನಿಲ್ಲುತ್ತದಲ್ಲ, ಎಫ್‌ಎಚ್‌ಎಚ್ ಎಂದರೆ ಹೆಚ್ಚುಕಡಿಮೆ ಅದೇ. ಈ ದೋಷ ಒಂದು ಗ್ರಂಥಿಯದಲ್ಲ, ನಾಲ್ಕರದ್ದೂ. ಮೂರೂವರೆ ತೆಗೆದರೂ ಉಳಿದ ಚೂರು ಹಳೆಯ ಮಟ್ಟಕ್ಕೇ ಕ್ಯಾಲ್ಸಿಯಂ ತಂದು ನಿಲ್ಲಿಸುತ್ತದೆ. ಪೂರ್ತಿ ತೆಗೆದರೆ ಬದುಕಿರುವವರೆಗೆ ಕ್ಯಾಲ್ಸಿಯಂ ಮತ್ತು ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ನುಂಗುತ್ತಾ ಇರಬೇಕು. ತೊಂದರೆ ಕೊಡದಿದ್ದ ಸ್ಥಿತಿಯನ್ನು ತೊಂದರೆ ಕೊಡುವ ಸ್ಥಿತಿಗೆ ಬದಲಾಯಿಸಿಕೊಂಡ ಹಾಗೆ.

ಇದೇ ರಿಸೆಪ್ಟರ್ ಕಿಡ್ನಿಯಲ್ಲೂ ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದಾಗ ಅದನ್ನು ಮೂತ್ರಕ್ಕೆ ಬಿಡಿಸುವುದು ಅಲ್ಲಿ ಅದರ ಕೆಲಸ. ಮಂದವಾದರೆ ಕಿಡ್ನಿ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಗಡ್ಡೆ ಇರುವವರ ಮೂತ್ರದಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಧಾರಾಳ, ಎಫ್‌ಎಚ್‌ಎಚ್ ಇರುವವರ ಮೂತ್ರದಲ್ಲಿ ಕಡಿಮೆ. ಪತ್ತೆಯ ದಾರಿ ಇದೇ.

ಪರೀಕ್ಷೆ ಹೀಗೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರವನ್ನು ಹಿಡಿಯದೆ ಬಿಡಿ, ಆದರೆ ಸಮಯ ಬರೆದಿಡಿ. ಆಮೇಲಿನದೆಲ್ಲ ಕ್ಯಾನಿಗೆ. ಮಾರನೆಯ ದಿನ ಅದೇ ಸಮಯದ ಮೊದಲ ಮೂತ್ರವೂ ಸೇರಬೇಕು. ಲ್ಯಾಬಿನವರು ಕ್ಯಾನಿಗೆ ಆಸಿಡ್ ಹಾಕಿ ಕೊಟ್ಟಿರಬಹುದು, ಕ್ಯಾಲ್ಸಿಯಂ ತಳಕ್ಕೆ ಕೂರದಿರಲಿ ಎಂದು. ಅದನ್ನು ಚೆಲ್ಲಬೇಡಿ, ನೇರವಾಗಿ ಕ್ಯಾನಿಗೆ ಮೂತ್ರ ಮಾಡದೆ ಮಗ್ಗಿನಲ್ಲಿ ಹಿಡಿದು ನಿಧಾನವಾಗಿ ಸುರಿಯಿರಿ. ಅದೇ ಸಂದರ್ಭದಲ್ಲಿ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್, ಆಲ್ಬುಮಿನ್ (ರಕ್ತದಲ್ಲಿ ಕ್ಯಾಲ್ಸಿಯಂ ಹೊರುವ ಪ್ರೋಟೀನು) ಪರೀಕ್ಷೆಗೂ ರಕ್ತ ಕೊಡಬೇಕು.

ಲೆಕ್ಕ: ಮೂತ್ರದ ಕ್ಯಾಲ್ಸಿಯಂ ಗುಣಿಸು ರಕ್ತದ ಕ್ರಿಯಾಟಿನಿನ್, ಇದನ್ನು ರಕ್ತದ ಕ್ಯಾಲ್ಸಿಯಂ ಗುಣಿಸು ಮೂತ್ರದ ಕ್ರಿಯಾಟಿನಿನ್‌ನಿಂದ ಭಾಗಿಸಬೇಕು. ಒಂದೂವರೆ ಲೀಟರ್ ಮೂತ್ರ ಬಂದಿದೆ, ಅದರಲ್ಲಿ ಡೆಸಿಲೀಟರಿಗೆ ಕ್ಯಾಲ್ಸಿಯಂ 4 ಮಿಲಿಗ್ರಾಂ, ಕ್ರಿಯಾಟಿನಿನ್ 60 ಎಂದುಕೊಳ್ಳಿ. ರಕ್ತದಲ್ಲಿ ಕ್ಯಾಲ್ಸಿಯಂ 10.9, ಕ್ರಿಯಾಟಿನಿನ್ 0.8. ಆಗ 3.2 ಭಾಗಿಸು 654, ಅಂದರೆ 0.005. ಉತ್ತರ 0.01ಕ್ಕಿಂತ ಕಡಿಮೆ ಬಂದರೆ ಎಫ್‌ಎಚ್‌ಎಚ್ ಅನುಮಾನ ಬಲವಾಗುತ್ತದೆ. 0.02 ದಾಟಿದರೆ ಬಹುತೇಕ ಗಡ್ಡೆಯೇ. ನಡುವೆ ಬಿದ್ದರೆ ಎರಡೂ ಆಗಬಹುದು.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಯೂನಿಟ್‌ನಲ್ಲಿ. ಕೆಲವು ರಿಪೋರ್ಟುಗಳಲ್ಲಿ ಕ್ಯಾಲ್ಸಿಯಂ ಇಡೀ ದಿನದ ಮೊತ್ತವಾಗಿ ಇರುತ್ತದೆ (ಮೇಲಿನ ಉದಾಹರಣೆಯಲ್ಲಿ 60 ಮಿಲಿಗ್ರಾಂ), ಕ್ರಿಯಾಟಿನಿನ್ ಮಾತ್ರ ಡೆಸಿಲೀಟರ್ ಲೆಕ್ಕದಲ್ಲಿ. ನೋಡದೆ ಹಾಕಿದರೆ ಉತ್ತರ 0.073 ಆಗುತ್ತದೆ. ಹದಿನೈದು ಪಟ್ಟು ತಪ್ಪು, ಎಫ್‌ಎಚ್‌ಎಚ್ ಇರುವವರು ನೇರವಾಗಿ ಆಪರೇಷನ್ ಪಟ್ಟಿಗೆ. ಎರಡನ್ನೂ ದಿನದ ಮೊತ್ತವಾಗಿ ಹಾಕಿ, ಇಲ್ಲವೇ ಎರಡನ್ನೂ ಡೆಸಿಲೀಟರಿನಲ್ಲಿ ಹಾಕಿ, ಬೆರೆಸಬೇಡಿ.

ಇನ್ನೊಂದು ಕಡೆಯಿಂದಲೂ ಎಡವಬಹುದು. ವಿಟಮಿನ್ ಡಿ ಕೊರತೆ ಇದ್ದರೆ ಗಡ್ಡೆ ಇರುವವರ ಮೂತ್ರದಲ್ಲೂ ಕ್ಯಾಲ್ಸಿಯಂ ಕಡಿಮೆ ಬಂದು ಎಫ್‌ಎಚ್‌ಎಚ್ ಥರ ಕಾಣುತ್ತದೆ. ನಮ್ಮಲ್ಲಿ ಈ ಕೊರತೆ ಅಪರೂಪವೇನಲ್ಲ, ಹಾಗಾಗಿ ಮೊದಲು ಅದನ್ನು ಸರಿಪಡಿಸಿ ಆಮೇಲೆ ಮೂತ್ರ ಪರೀಕ್ಷೆ ಮಾಡಿಸುವುದು ಲೇಸು. ಆದರೆ ಕ್ಯಾಲ್ಸಿಯಂ ಏರಿರುವವರು ವಾರಕ್ಕೊಂದು 60,000 ಯೂನಿಟ್‌ನ ಸ್ಯಾಚೆಯನ್ನು ತಾವೇ ಮೆಡಿಕಲ್ ಶಾಪಿನಿಂದ ತಂದು ಕುಡಿಯುವುದು ಸರಿಯಲ್ಲ. ವೈದ್ಯರು ಕ್ಯಾಲ್ಸಿಯಂ ನೋಡುತ್ತಾ ಸಣ್ಣ ಪ್ರಮಾಣದಲ್ಲಿ ಕೊಡಬೇಕು. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ 'ಎಚ್' ಇದ್ದರೆ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಇರುವ ಸಾಧ್ಯತೆ ಹೆಚ್ಚು. ಅದು ಮೂತ್ರದ ಕ್ಯಾಲ್ಸಿಯಂ ಇಳಿಸಿ ರಕ್ತದ್ದನ್ನು ಏರಿಸುತ್ತದೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂದೂ ಅದೇ ಪರಿಣಾಮ. ಇವನ್ನು ನೀವಾಗಿ ನಿಲ್ಲಿಸಬೇಡಿ, ಬದಲಿ ಮಾತ್ರೆ ಕೇಳಿ. ಕೂದಲಿಗೆಂದು ಬಯೋಟಿನ್ ತಿನ್ನುವವರಲ್ಲಿ ಕೆಲವು ಯಂತ್ರಗಳು ಪಿಟಿಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಆಲ್ಬುಮಿನ್ 4.8 ಇದ್ದವರ 10.9 ಕ್ಯಾಲ್ಸಿಯಂ ತಿದ್ದಿ ನೋಡಿದರೆ 10.3 ಅಷ್ಟೇ, ಅಂದರೆ ಕಾಯಿಲೆಯೇ ಇಲ್ಲದಿರಬಹುದು. (ಆಲ್ಬುಮಿನ್ 4ಕ್ಕಿಂತ ಪ್ರತಿ 1 ಗ್ರಾಂ ಹೆಚ್ಚಿದ್ದರೆ 0.8 ಕಳೆಯಬೇಕು.)

ಸ್ಕ್ಯಾನ್ ಇದರಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಸೆಸ್ಟಮಿಬಿ ಸ್ಕ್ಯಾನ್ ಇರುವುದು ಆಪರೇಷನ್ ನಿರ್ಧಾರವಾದ ಮೇಲೆ ಗಡ್ಡೆ ಎಲ್ಲಿದೆ ಎಂದು ಹುಡುಕಲು. ಮೊದಲೇ ಮಾಡಿಸಿದರೆ ಥೈರಾಯ್ಡ್‌ನ ಯಾವುದೋ ಗಂಟು ಕಂಡು ದಾರಿ ತಪ್ಪುತ್ತದೆ.

ಕಡಿಮೆ ಖರ್ಚಿನ, ಆದರೆ ಯಾರೂ ಮಾಡಿಸದ ಪರೀಕ್ಷೆ ಎಂದರೆ ಮನೆಯವರ ಕ್ಯಾಲ್ಸಿಯಂ. ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು. ಎಫ್‌ಎಚ್‌ಎಚ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಶೇ 50, ಅದೂ ಚಿಕ್ಕಂದಿನಿಂದಲೇ ಕ್ಯಾಲ್ಸಿಯಂ ಏರಿರುತ್ತದೆ. ಐದು ವರ್ಷದ ಮಗುವಿಗೂ 10.9 ಬಂದರೆ ಸಂಶಯ ಬಹಳಷ್ಟು ತೀರಿತು. ಹತ್ತಿರದ ಸಂಬಂಧಿಯೊಬ್ಬರಿಗೆ ಪ್ಯಾರಾಥೈರಾಯ್ಡ್ ಆಪರೇಷನ್ ಆಗಿ ಕ್ಯಾಲ್ಸಿಯಂ ಇಳಿಯಲಿಲ್ಲ ಎಂಬ ಮಾತು ಮನೆಯಲ್ಲಿ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಕೊನೆಯದು ಜೀನ್ ಪರೀಕ್ಷೆ. ಒಂದೇ ಜೀನ್ ನೋಡಿದರೆ ಸಾಲದು, ಮೂರು ಬೇಕು: ರಿಸೆಪ್ಟರಿನದೇ ಆದ ಸಿಎಎಸ್‌ಆರ್, ಅದರ ಕೆಳಗಿನ ಜಿ-ಪ್ರೋಟೀನಿನ ಜಿಎನ್‌ಎ11, ರಿಸೆಪ್ಟರನ್ನು ಕೋಶದೊಳಕ್ಕೆ ಸೆಳೆದುಕೊಳ್ಳುವ ವ್ಯವಸ್ಥೆಯ ಎಪಿ2ಎಸ್1. ಕೊನೆಯ ಎರಡು ಗೊತ್ತಾದದ್ದು 2013ರಲ್ಲಿ. 'ಅರ್ಥ ಸ್ಪಷ್ಟವಿಲ್ಲದ ಬದಲಾವಣೆ' ಎಂದು ರಿಪೋರ್ಟ್ ಬಂದರೆ ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಆಗ ಮತ್ತೆ ಮನೆಯವರ ಕ್ಯಾಲ್ಸಿಯಂ ಪಟ್ಟಿಯೇ ಗತಿ: ಏರಿದವರೆಲ್ಲರಲ್ಲೂ ಆ ಬದಲಾವಣೆ ಇದೆಯೇ, ಏರದವರಲ್ಲಿ ಇಲ್ಲವೇ ಎಂದು ನೋಡಬೇಕು.

ಎಫ್‌ಎಚ್‌ಎಚ್ ಎಂದು ಖಚಿತವಾದರೆ ಹೆಚ್ಚಿನವರಿಗೆ ಔಷಧಿ ಬೇಡ, ಹಾಲು ಮೊಸರು ಬಿಡುವುದೂ ಬೇಡ. ಕ್ಯಾಲ್ಸಿಯಂ ತೀರಾ ಏರಿ ತೊಂದರೆ ಕೊಡುವ ಕೆಲವರಿಗೆ ಸಿನಕ್ಯಾಲ್ಸೆಟ್ ಉಂಟು, ರಿಸೆಪ್ಟರನ್ನು ಚುರುಕು ಮಾಡುವ ಮಾತ್ರೆ. ಗರ್ಭಿಣಿಯಾದರೆ ಮಾತ್ರ ಹೆರಿಗೆ ಮಾಡಿಸುವವರಿಗೆ ಮೊದಲೇ ತಿಳಿಸಿರಬೇಕು: ದೋಷ ಬಾರದ ಮಗು ತಾಯಿಯ ಹೆಚ್ಚಿನ ಕ್ಯಾಲ್ಸಿಯಂಗೆ ಒಗ್ಗಿ, ಹುಟ್ಟಿದ ಮೇಲೆ ಅದರ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಬರಬಹುದು.

ನಮ್ಮ ಕಡೆ ಇನ್ನೊಂದು ವಿಷಯ ಮುಖ್ಯ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವ ಮನೆತನಗಳಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ದೋಷ ಇರಬಹುದು. ಮಗುವಿಗೆ ಸಿಎಎಸ್‌ಆರ್‌ನ ಎರಡೂ ಪ್ರತಿ ಕೆಟ್ಟು ಬರುವ ಸಾಧ್ಯತೆ ಆಗ ನಾಲ್ಕರಲ್ಲೊಂದು. ಆ ಮಗುವಿನ ಕ್ಯಾಲ್ಸಿಯಂ 15ನ್ನೂ ದಾಟಬಹುದು. ಹಾಲು ಕುಡಿಯುವುದಿಲ್ಲ, ಮೈ ಜೋಲುತ್ತದೆ, ಪಕ್ಕೆಲುಬು ಮುರಿದು ಉಸಿರಿಗೆ ಕಷ್ಟವಾಗುತ್ತದೆ. ಸಲೈನ್ ಮತ್ತು ಪಮಿಡ್ರೋನೇಟ್ (ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವುದನ್ನು ತಡೆಯುವ ಔಷಧಿ) ಕೊಟ್ಟು ಸಮಯ ಗಳಿಸುತ್ತಾರೆ, ಕೆಲವು ಬಗೆಯ ದೋಷಗಳಲ್ಲಿ ಸಿನಕ್ಯಾಲ್ಸೆಟ್ ಕೆಲಸ ಮಾಡುತ್ತದೆ. ಅದೂ ಆಗದಿದ್ದರೆ ನಾಲ್ಕೂ ಗ್ರಂಥಿ ತೆಗೆಯಲೇಬೇಕು, ತಡಮಾಡುವಂತಿಲ್ಲ.