ಸೊನ್ನೆ ಒಂಬತ್ತು ಹೇಗಾಯ್ತು?

ಮಗಳ ಶಾಲೆಯವರು ಮುಂದಿನ ವರ್ಷ ಮೂರನೇ ಕ್ಲಾಸಿನ ಗಣಿತ ಪುಸ್ತಕ ಬದಲಿಸುತ್ತಾರಂತೆ. ಎರಡು ಪುಸ್ತಕ, ಜೊತೆಗೊಂದು ಫಾರಂ ಕೊಟ್ಟು ಪಾಲಕರ ಅಭಿಪ್ರಾಯ ಬರೆಯಿರಿ ಅಂದರು. ನನ್ನದು ಗಂಜ್‌ನಲ್ಲಿ ಕಿರಾಣಿ ಅಂಗಡಿ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ನಾಯಿಯೂ ನೆರಳು ಬಿಟ್ಟು ಏಳಲ್ಲ, ಗಿರಾಕಿ ಎಲ್ಲಿಂದ ಬರಬೇಕು? ಗಲ್ಲಾದ ಮುಂದೆ ಕೂತು ಎರಡನ್ನೂ ಓದಿದೆ.

ಬಣ್ಣ, ಚಿತ್ರ ನೋಡಲಿಲ್ಲ. ಸೀದಾ ಕಳೆಯುವ ಲೆಕ್ಕಕ್ಕೆ ಹೋದೆ. ಅದರಲ್ಲೂ ನಡುವೆ ಸೊನ್ನೆ ಇರುವ ಲೆಕ್ಕಕ್ಕೆ. 402ರಲ್ಲಿ 178 ಕಳೆಯಿರಿ. ಪುಸ್ತಕದ ಬಂಡವಾಳ ಗೊತ್ತಾಗೋದು ಇಲ್ಲೇ.

ಮೊದಲನೇ ಪುಸ್ತಕ ಪಕ್ಕದ ಮನೆಯಿಂದ ಸಾಲ ತನ್ನಿ, ಸೊನ್ನೆ 9 ಆಗುತ್ತದೆ ಅಂತ ಹೇಳಿ ಮುಗಿಸಿದೆ. ಪಕ್ಕದಲ್ಲಿ ಇಣುಕುತ್ತಿದ್ದ ಮಗಳು ಕೇಳಿದಳು, "ಪಪ್ಪಾ, ಸೊನ್ನಿ ಒಂಬತ್ತು ಹೆಂಗಾತು?"

ಗಲ್ಲಾ ತೆಗೆದೆ. ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಇಟ್ಟೆ. "178 ಕೊಡಬೇಕು. ಚಿಲ್ಲರ ಇಲ್ಲ. ಏನ್ ಮಾಡ್ತಿ?"

"ನೂರು ಮುರಸ್ತೀನಿ."

ಹತ್ತರ ಹತ್ತು ನೋಟು ಕೊಟ್ಟೆ. ಎಂಟು ರೂಪಾಯಿ ಕೊಡೋಕೆ ಅದರಲ್ಲಿ ಒಂದನ್ನು ಮತ್ತೆ ಮುರಿಸಿದಳು. ಉಳಿದ ಹತ್ತರ ನೋಟು ಎಣಿಸಿದಳು. ಏಳು, ಎಂಟು, ಒಂಬತ್ತು. ಬೆರಳು ಅಲ್ಲೇ ನಿಂತಿತು. ನನ್ನ ಮುಖ ನೋಡಿ ನಕ್ಕಳು. 178 ತೆಗೆದ ಮೇಲೆ 224 ಉಳಿಯಿತು.

ಇದಕ್ಕೆ ಸಾಲ ಅನ್ನೋದೇ ತಪ್ಪು. ಉದ್ರಿ ಕೊಟ್ಟು ಕೈ ಸುಟ್ಟುಕೊಂಡವನು ನಾನು, ಸಾಲ ಅಂದರೆ ಏನಂತ ಗೊತ್ತು. ವಾಪಸ್ ಕೊಡಬೇಕಲ್ವಾ? ಇದು ಸುಮ್ನೆ ಚಿಲ್ಲರೆ ಮಾಡಿಸಿದ್ದು. ಎರಡನೇ ಪುಸ್ತಕ ಕಡ್ಡಿಗಳ ಕಟ್ಟು ಬಿಚ್ಚಿ ಇದನ್ನೇ ತೋರಿಸುತ್ತೆ. ಅದಕ್ಕೆ ನನ್ನ ವೋಟು.

ಸೊನ್ನೆ ದೊಡ್ಡವರನ್ನೂ ಬಿಟ್ಟಿಲ್ಲ. ಒಂಬತ್ತನೇ ಶತಮಾನದಲ್ಲಿ ನಮ್ಮ ಮಳಖೇಡದ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ ಎಂಥ ಗಣಿತಜ್ಞ! ಅವರೇ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂತ ತಪ್ಪಾಗಿ ಬರೆದುಬಿಟ್ಟರು. ಎರಡೂ ಪುಸ್ತಕದಲ್ಲಿ ಸೊನ್ನೆ ಭಾರತದ ಕೊಡುಗೆ ಅಂತ ಡಬ್ಬಿ ಕಟ್ಟಿ ಹಾಕಿದ್ದಾರೆ. ಮಳಖೇಡ ಇರೋದು ಇಲ್ಲೇ ಸೇಡಂ ತಾಲ್ಲೂಕಿನಲ್ಲಿ, ಆ ಹೆಸರು ಎರಡರಲ್ಲೂ ಇಲ್ಲ.

ಎರಡನೇ ಪುಸ್ತಕಕ್ಕೂ ಪೂರ್ತಿ ಮಾರ್ಕ್ಸ್ ಕೊಡಲ್ಲ. ಅದರ ತುಂಬ ಸ್ಟ್ರಾಬೆರಿ. ಇರಲಿ ಬಿಡಿ, ನನ್ನ ತಕರಾರು ಬೇರೆ. ಕಳೆಯುವ ಪಾಠದಲ್ಲಿ ಎಲ್ಲವೂ ಕಳೆಯುವ ಲೆಕ್ಕ. ಮಗು ಲೆಕ್ಕ ಯಾಕೆ ಓದಬೇಕು? ಮೇಲಿನ ಹೆಸರು ನೋಡಿದರೆ ಸಾಕು. ಸಾಲದ್ದಕ್ಕೆ 'ಜಾಸ್ತಿ' ಬಂದರೆ ಕೂಡಿರಿ ಅಂತ ಸೂಚನೆ ಬೇರೆ. ನಾನು ಮಗಳಿಗೆ ಒಂದು ಲೆಕ್ಕ ಹಾಕಿದೆ: ನಿನ್ನ ಹತ್ತಿರ 12 ಪೇರಲ ಇವೆ. ಅಣ್ಣನಿಗಿಂತ 5 ಜಾಸ್ತಿ. ಅಣ್ಣನ ಹತ್ತಿರ ಎಷ್ಟು? ತಟ್ಟನೆ 17 ಅಂದಳು. ಅಣ್ಣನಿಗೇ ಜಾಸ್ತಿ ಆಯ್ತಲ್ಲೇ ಅಂದೆ. "ಅಂವಗ್ಯಾಕ ಜಾಸ್ತಿ?" ಅಂತ ಸಿಟ್ಟಿಗೆದ್ದು ತಾನೇ 7ಕ್ಕೆ ಇಳಿಸಿದಳು.

ಅಳತೆ ಪಾಠದಲ್ಲೂ ಪೆನ್ಸಿಲ್ ಯಾವಾಗಲೂ ಸ್ಕೇಲಿನ ಸೊನ್ನೆಯಿಂದಲೇ ಶುರು. 2ರಿಂದ 9ರವರೆಗೆ ಇಟ್ಟು ಒಂದು ಸಲ ಕೇಳಬಾರದಾ? ಒಂದು ಪುಟ ಮಾತ್ರ ಬಹಳ ಹಿಡಿಸಿತು. ನಿಮ್ಮ ಮನೆಯ ನೆಲದಲ್ಲಿ ಎಷ್ಟು ಕಲ್ಲಿವೆ, ಎಣಿಸಿ ಅಂತ ಇದೆ. ನಮ್ಮದು ಶಹಾಬಾದ್ ಪರ್ಸಿ. ಮಗಳು ಪಡಸಾಲೆಯಲ್ಲಿ ಉದ್ದ ಎಂಟು, ಅಡ್ಡ ಆರು ಎಣಿಸಿ, ಗೋಡೆ ಮೂಲೆಯ ಅರ್ಧ ಕಲ್ಲಿನ ಹತ್ತಿರ ಜಗಳ ತೆಗೆದಳು.

ಫಾರಂನಲ್ಲಿ ಎರಡೇ ಗೆರೆ ಜಾಗ ಇತ್ತು. ಎರಡನೇ ಪುಸ್ತಕ ಇರಲಿ, ಲೆಕ್ಕಗಳನ್ನು ಮಾತ್ರ ನೀವು ಕಲಸಿ ಕೊಡಿ ಅಂತ ಬರೆದು, ಉಳಿದದ್ದನ್ನು ಹಿಂದುಗಡೆ ಮುಂದುವರಿಸಿದೆ.