ನೋಡದೇ ಹೋದ ಕ್ಯಾಚ್

ಜನವರಿ 10, 2025, ಶುಕ್ರವಾರ
ಸನಿವೇಲ್, ಕ್ಯಾಲಿಫೋರ್ನಿಯಾ

ಈ ಸಲ ನಮ್ಮ ಬೀದಿ ತಣ್ಣಗಿದೆ. ಹೋದ ಜನವರಿಯಲ್ಲಿ ಮನೆಮನೆ ಮುಂದೆ ಕೆಂಪು ಬಾವುಟ ಇತ್ತು. ಈ ಸೀಸನ್ನಿನಲ್ಲಿ ನಮ್ಮ ಕಡೆಯ ಅಮೆರಿಕನ್ ಫುಟ್‌ಬಾಲ್ ತಂಡ ಫಾರ್ಟಿನೈನರ್ಸ್ ಗೆದ್ದಿದ್ದು 17ರಲ್ಲಿ ಬರೀ 6 ಪಂದ್ಯ, ಪ್ಲೇಆಫ್ (ಕೊನೆಯ ನಾಕೌಟ್ ಪಂದ್ಯಗಳು) ಮುಖವನ್ನೂ ನೋಡಲಿಲ್ಲ. ಬಾವುಟಗಳೆಲ್ಲ ಗ್ಯಾರೇಜ್ ಸೇರಿವೆ. ಪಕ್ಕದ ಮನೆಯ ತಾತ ಮಾತ್ರ ಬೆಳಿಗ್ಗೆ ಬಣ್ಣ ಹೋದ 16ನೇ ನಂಬರಿನ ಜೆರ್ಸಿ ಹಾಕಿಕೊಂಡು ಕಸದ ಡಬ್ಬ ಎಳೆಯುತ್ತಿದ್ದರು. ಏನು ವಿಶೇಷ ಅಂದೆ. "ಇವತ್ತು ತಾರೀಖು ಎಷ್ಟು ಹೇಳು" ಅಂದರು. ಓ, ಮರೆತೇಬಿಟ್ಟಿದ್ದೆ. ಜನವರಿ 10. 'ದಿ ಕ್ಯಾಚ್' ದಿನ.

16 ಅಂದ್ರೆ ಜೋ ಮೊಂಟಾನ, ಫಾರ್ಟಿನೈನರ್ಸ್‌ನ ಹಳೇ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ನಾನು 2011ರಲ್ಲಿ ಇಲ್ಲಿಗೆ ಬಂದಾಗ ಈ ಆಟ ಕಂಡರೆ ಆಗ್ತಿರಲಿಲ್ಲ. ಐದು ಸೆಕೆಂಡ್ ಗುದ್ದಾಟ, ಆಮೇಲೆ ಎಲ್ಲರೂ ನಿಂತು ಮಾತು, ಮಧ್ಯೆ ಜಾಹೀರಾತು, ಕಾಲಲ್ಲಿ ಮುಟ್ಟದ ಚೆಂಡಿಗೆ ಫುಟ್‌ಬಾಲ್ ಅನ್ನೋ ಹೆಸರು ಬೇರೆ. ತಾತನೇ ಕೂರಿಸಿಕೊಂಡು ಹೇಳಿಕೊಟ್ಟರು. ಎಲ್ಲರನ್ನೂ ಬಿಟ್ಟು ಕ್ವಾರ್ಟರ್‌ಬ್ಯಾಕ್ ಕಣ್ಣು ಎಲ್ಲಿ ಹೋಗುತ್ತೆ ಅಂತ ಮಾತ್ರ ನೋಡು ಅಂದರು. ಚೆಂಡು ಕೈಗೆ ಬಂದ ಮೇಲೆ ಅವನಿಗೆ ಸಿಗೋದು ಎರಡು ಮೂರು ಸೆಕೆಂಡು. ಅಷ್ಟರಲ್ಲಿ ಯಾರಿಗೆ, ಎಲ್ಲಿಗೆ, ಎಷ್ಟು ಜೋರಾಗಿ ಅಂತ ತೀರ್ಮಾನ ಆಗಬೇಕು, ಆಗದಿದ್ದರೆ ನೂರಿಪ್ಪತ್ತು ಕಿಲೋ ತೂಕದವನು ಬಂದು ಮೇಲೆ ಬೀಳ್ತಾನೆ.

ಮೊಂಟಾನ ಪೆನ್ಸಿಲ್ವೇನಿಯಾದ ಮೊನೊಂಗಹೀಲ ಕಡೆಯ ಹುಡುಗ. ಅವನ ತೋಳಲ್ಲಿ ಅಷ್ಟೇನೂ ಬಲ ಇಲ್ಲ ಅಂತ ದೂರಿತ್ತು, ಆಳು ಸಣಕಲು. ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ತಗೊಳ್ಳುವ 1979ರ ಡ್ರಾಫ್ಟ್‌ನಲ್ಲಿ ಅವನನ್ನು ಆರಿಸಿಕೊಂಡಿದ್ದು 82ನೆಯವನಾಗಿ. ಅದೇ ವರ್ಷದ ಜನವರಿ 1ರಂದು ಅವನು ಏನು ಮಾಡಿದ್ದ ಅಂತ ಗೊತ್ತಿದ್ದೂ! ಡಲ್ಲಾಸ್‌ನಲ್ಲಿ ಕಾಟನ್ ಬೌಲ್, ಹಿಮ ಕಟ್ಟಿದ ಮೈದಾನ, ನೋಟರ್ ಡೇಮ್ ಕಾಲೇಜಿನ ಪರ ಆಡುತ್ತಿದ್ದವನಿಗೆ ಮೈ ತಣ್ಣಗಾಗಿ ನಡುಕ. ಒಳಗೆ ಕರೆದುಕೊಂಡು ಹೋಗಿ ಕಂಬಳಿ ಹೊದಿಸಿ ಬಿಸಿ ಕೋಳಿ ಸೂಪ್ ಕುಡಿಸಿದರು. ನಮ್ಮನೆಯಲ್ಲಾದರೆ ಮೆಣಸಿನ ಸಾರು. ಅವನು ವಾಪಸ್ ಬಂದ. ಕೊನೆಯ ಕ್ವಾರ್ಟರ್‌ನಲ್ಲಿ 12-34 ಹಿಂದಿದ್ದ ತಂಡ 35-34ರಲ್ಲಿ ಗೆದ್ದಿತು.

ಬಲ ಇಲ್ಲದ ತೋಳಿಗೆ ತಕ್ಕ ಆಟ ಸಿಕ್ಕಿದ್ದು ಅವನ ಪುಣ್ಯ. ಕೋಚ್ ಬಿಲ್ ವಾಲ್ಶ್ ಕಟ್ಟಿದ ಪದ್ಧತಿಯಲ್ಲಿ ಉದ್ದ ಎಸೆಯೋ ಶೂರತನ ಕಡಿಮೆ, ಸಣ್ಣ ಸಣ್ಣ ಪಾಸ್‌ಗಳು ಜಾಸ್ತಿ. ಹಿಡಿಯುವವನು ತಿರುಗುವ ಮುಂಚೆಯೇ ಚೆಂಡು ಗಾಳಿಯಲ್ಲಿರಬೇಕು, ಅವನು ತಿರುಗಿದಾಗ ಎದೆ ಹತ್ತಿರ ಬಂದಿರಬೇಕು. ನನಗೆ ಇದು ಅರ್ಥ ಆಗಿದ್ದು ನಮ್ಮ ಜಿ.ಆರ್. ವಿಶ್ವನಾಥ್ ನೆನಪಾದಾಗ. ವಿಶಿ ಚೆಂಡನ್ನು ಬಡೀತಿರಲಿಲ್ಲ, ಮಣಿಕಟ್ಟು ತಿರುಗಿಸಿ ಕಳಿಸ್ತಿದ್ದರು ಅಂತ ಅಪ್ಪ ಹೇಳೋರು. (ಅಂದಹಾಗೆ, ವೆಸ್ಟ್ ಇಂಡೀಸ್ ಎದುರು ಚೆಪಾಕ್‌ನಲ್ಲಿ ಅವರು ಔಟಾಗದೆ 97 ಹೊಡೆದು ನಾಳೆಗೆ 50 ವರ್ಷ. ಅಪ್ಪನಿಗೆ ಫೋನ್ ಮಾಡಬೇಕು.)

ಈಗ ಕ್ಯಾಚ್ ವಿಷಯ. 1982ರ ಜನವರಿ 10, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಎದುರಾಳಿ ಡಲ್ಲಾಸ್ ಕೌಬಾಯ್ಸ್, 27-21 ಮುಂದೆ. ಫಾರ್ಟಿನೈನರ್ಸ್ ಕೈಗೆ ಚೆಂಡು ಬಂದಿದ್ದು ಐದು ನಿಮಿಷವೂ ಉಳಿದಿಲ್ಲದಾಗ, ಇನ್ನೂ 89 ಗಜ ಹೋಗಬೇಕು. ಇದೇ ಡಲ್ಲಾಸ್ ಕೈಲಿ 1970, 71, 72ರ ಸೀಸನ್‌ಗಳಲ್ಲಿ ಸಾಲಾಗಿ ಪ್ಲೇಆಫ್ ಸೋತ ತಂಡ ಇದು. ಆಮೇಲೆ ಎರಡೇ ಪಂದ್ಯ ಗೆದ್ದ ಸೀಸನ್ನುಗಳೂ ಬಂದಿದ್ದವು. ಸ್ಟೇಡಿಯಂನಲ್ಲಿದ್ದ ನಮ್ಮ ತಾತ, ಆಗ ಮೂವತ್ತರ ಹುಡುಗ, ಎದ್ದು ಹೊರಟರಂತೆ. ಟ್ರಾಫಿಕ್ ತಪ್ಪಿಸೋಣ ಅಂತ.

ಒಳಗೆ ಮೊಂಟಾನ ಐದು, ಎಂಟು, ಹತ್ತು ಗಜ ಅಂತ ತಂಡವನ್ನು ಎಳೆದುಕೊಂಡು ಬಂದ. 58 ಸೆಕೆಂಡ್ ಉಳಿದಾಗ ಗೋಲ್ ಗೆರೆಗೆ 6 ಗಜ. ಫ್ರೆಡ್ಡಿ ಸಾಲಮನ್‌ಗೆ ಕೊಡಬೇಕಿತ್ತು, ಸಾಲಮನ್ ಜಾರಿದ. ಮೊಂಟಾನ ಬಲಕ್ಕೆ ಓಡಿದ, ಹಿಂದೆ ಮೂವರು, ಅವರಲ್ಲೊಬ್ಬನಿಗೆ 'ಟೂ ಟಾಲ್' ಅಂತಲೇ ಅಡ್ಡಹೆಸರು. ಇನ್ನೇನು ಪಕ್ಕದ ಗೆರೆ ದಾಟಿ ಹೊರಗೆ ಹೋಗಬೇಕು, ಆಗ ಹಿಂದಕ್ಕೆ ಹೆಜ್ಜೆ ಹಾಕುತ್ತಲೇ ಎತ್ತರಕ್ಕೆ ಎಸೆದ. ಚೆಂಡು ಸೀದಾ ಪ್ರೇಕ್ಷಕರ ಮಧ್ಯೆ ಬೀಳುತ್ತೆ ಅನ್ನಿಸುವಷ್ಟು ಎತ್ತರ. ಎಂಡ್ ಝೋನ್ (ಗೋಲ್ ಗೆರೆಯಾಚೆಯ ಜಾಗ) ತುದಿಯಲ್ಲಿ ಜೊತೆಗಾರ ಡ್ವೈಟ್ ಕ್ಲಾರ್ಕ್ ಹಾರಿ ಬೆರಳ ತುದಿಯಲ್ಲಿ ಹಿಡಿದ. 28-27. ಅದೇ ತಿಂಗಳು ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ತಂಡ ಮೊದಲ ಸಲ ಗೆದ್ದಿತು.

ನನಗೆ ಮಜಾ ಅನ್ನಿಸೋದು ಇದು: ಮೊಂಟಾನ ಆ ಕ್ಯಾಚ್ ನೋಡಲೇ ಇಲ್ಲ. ಎಸೆದ ತಕ್ಷಣ ಅವನನ್ನು ಕೆಡವಿದ್ದರು. ಬೆನ್ನ ಮೇಲೆ ಬಿದ್ದುಕೊಂಡು ಜನರ ಕೂಗು ಕೇಳಿಸಿಕೊಂಡ, ಅಷ್ಟೆ. ಸ್ಟ್ಯಾಂಡಿನಲ್ಲಿದ್ದ ನಾಲ್ಕು ವರ್ಷದ ಟಾಮ್ ಬ್ರೇಡಿಗೂ ಸರಿಯಾಗಿ ಕಂಡಿರಲಿಕ್ಕಿಲ್ಲ, ದೊಡ್ಡವರೆಲ್ಲ ಎದ್ದು ನಿಂತಿದ್ದರಲ್ಲ!

ಆ ಬ್ರೇಡಿ ಮುಂದೆ ಕ್ವಾರ್ಟರ್‌ಬ್ಯಾಕ್ ಆಗಿ ಏಳು ಸೂಪರ್ ಬೌಲ್ ಗೆದ್ದ. ಹಾಗಾಗಿ ಯಾರು ದೊಡ್ಡವನು ಅನ್ನೋ ಜಗಳ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಮುಗಿಯುವುದೇ ಇಲ್ಲ. ಎಣಿಕೆಯಲ್ಲಿ ಬ್ರೇಡಿ, ಒಪ್ಪಿದೆ. ಆದರೆ ಮೊಂಟಾನ ಆಡಿದ ನಾಲ್ಕು ಸೂಪರ್ ಬೌಲ್‌ಗಳನ್ನೂ ಗೆದ್ದ, 122 ಎಸೆತ, 11 ಟಚ್‌ಡೌನ್ (ಚೆಂಡು ಗೋಲ್ ಗೆರೆ ದಾಟುವುದು), ಇಂಟರ್ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈ ಸೇರುವುದು) ಒಂದೂ ಇಲ್ಲ. ಕ್ವಾರ್ಟರ್‌ಬ್ಯಾಕ್‌ಗಳನ್ನು ಹೆಚ್ಚುಕಮ್ಮಿ ಮನಸೋ ಇಚ್ಛೆ ಹೊಡೆಯಬಹುದಾಗಿದ್ದ ಕಾಲದಲ್ಲಿ. ನನ್ನ ಓಟು ಅವನಿಗೇ.

'ಜೋ ಕೂಲ್' ಅಂತ ಕರೀತಾರೆ. 1989ರ ಜನವರಿಯ ಸೂಪರ್ ಬೌಲ್‌ನಲ್ಲಿ, ಮಯಾಮಿಯಲ್ಲಿ ಸಿನ್ಸಿನಾಟಿ ತಂಡದ ಎದುರು 92 ಗಜ ಹೋಗಬೇಕಿದ್ದಾಗ, ಮೂರು ನಿಮಿಷ ಚಿಲ್ಲರೆ ಉಳಿದಿದ್ದಾಗ, ಜೊತೆಗಾರನಿಗೆ ಪ್ರೇಕ್ಷಕರಲ್ಲಿದ್ದ ನಟ ಜಾನ್ ಕ್ಯಾಂಡಿಯನ್ನು ತೋರಿಸಿದ ಕಥೆ ಎಲ್ಲರಿಗೂ ಗೊತ್ತು. ಅದೇ ಓಟದ ಮಧ್ಯೆ ಕೂಗಿ ಕೂಗಿ ಅವನಿಗೆ ತಲೆ ಸುತ್ತಿ, ಬೇಕಂತಲೇ ಒಂದು ಚೆಂಡನ್ನು ಹೊರಗೆ ಎಸೆದ ಅನ್ನೋದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನನಗೆ ಕ್ಯಾಂಡಿ ಕಥೆಗಿಂತ ಇದೇ ಇಷ್ಟ. 34 ಸೆಕೆಂಡ್ ಉಳಿದಾಗ ಜಾನ್ ಟೇಲರ್‌ಗೆ ಕೊಟ್ಟು ಮುಗಿಸಿದ.

ಕೊನೆಯ ಭಾಗ ಬೇಸರದ್ದು. 1991ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಲೆನಾರ್ಡ್ ಮಾರ್ಷಲ್ ಹಿಂದಿನಿಂದ ಬಂದು ಗುದ್ದಿದ. ಆಮೇಲೆ ಮೊಣಕೈ ನೋವು, ಒಂದಿಡೀ ಸೀಸನ್ ಹೊರಗೆ, ಇನ್ನೊಂದು ಹೆಚ್ಚುಕಡಿಮೆ ಪೂರ್ತಿ. ಅಷ್ಟರಲ್ಲಿ ಸ್ಟೀವ್ ಯಂಗ್ ಆ ಜಾಗದಲ್ಲಿ ಬೇರು ಬಿಟ್ಟಿದ್ದ. 1993ರಲ್ಲಿ ಮೊಂಟಾನ ಕಾನ್ಸಾಸ್ ಸಿಟಿ ತಂಡಕ್ಕೆ ಹೋದ. ಅಲ್ಲಿ 16 ಹಳೇ ಆಟಗಾರ ಲೆನ್ ಡಾಸನ್ ಹೆಸರಿಗೆ ಮೀಸಲು, ಇವನು 19 ಹಾಕಿಕೊಂಡ. ತಾತ ಆ ಎರಡು ವರ್ಷ ಕಾನ್ಸಾಸ್ ಪಂದ್ಯಗಳನ್ನೇ ನೋಡಿದರಂತೆ, ಹೆಂಡತಿಗೂ ಹೇಳದೆ. 1994ರಲ್ಲಿ ಅವನು ಹಳೇ ತಂಡವನ್ನೇ 24-17ರಲ್ಲಿ ಸೋಲಿಸಿದ ದಿನ ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ ಅಂತಾರೆ.

ಕ್ಯಾಂಡಲ್‌ಸ್ಟಿಕ್ ಈಗಿಲ್ಲ, 2015ರಲ್ಲಿ ಕೆಡವಿದರು. ಕ್ಲಾರ್ಕ್ ಎಎಲ್‌ಎಸ್ ಅನ್ನೋ ನರದ ಕಾಯಿಲೆಯಿಂದ 2018ರಲ್ಲಿ ತೀರಿಕೊಂಡ. ಅದೇ ವರ್ಷ ಸ್ಯಾಂಟಾ ಕ್ಲಾರಾದ ಹೊಸ ಸ್ಟೇಡಿಯಂ ಹೊರಗೆ ಇಬ್ಬರ ಪ್ರತಿಮೆಯನ್ನೂ ಇಟ್ಟರು.

ಸಂಜೆ ಚಕ್ಕುಲಿ ತಗೊಂಡು ತಾತನ ಮನೆಗೆ ಹೋಗಿ ಫೋನಿನಲ್ಲಿ ವಿಡಿಯೋ ಹಾಕಿದೆ. ಕನ್ನಡಕ ಹಾಕಿಕೊಳ್ಳಲಿಲ್ಲ, ಸೌಂಡ್ ಜಾಸ್ತಿ ಮಾಡು ಅಂದರು. ಜನ ಕೂಗಿದಾಗ ಚಕ್ಕುಲಿ ಹಿಡಿದ ಕೈಯನ್ನೇ ಎತ್ತಿ ಸುಮ್ನಿರು ಅಂತ ಸನ್ನೆ ಮಾಡಿದರು. "ಇಲ್ಲಿ, ಇಲ್ಲಿ. ಕಾರಿನ ಬೀಗ ತೆಗೀತಿದ್ದೆ, ಆಗ ಕೇಳಿಸಿದ್ದು ಇದು."